ಪೂಜೆಗಿಟ್ಟ ಸ್ಪ್ಯಾನರ್

ಜಗಲಿಯ ಮೇಲಿನಿಂದ ಮಾವ ಕೆಮ್ಮಿದರು. ಸಂಜೀವಪ್ಪನ ಬೆರಳ ತುದಿಯಲ್ಲಿದ್ದ ನಟ್ಟು ಜಾರಿ ಎಂಜಿನ್ನಿನ ಸಂದಿಯೊಳಗೆ ಎಲ್ಲೋ ಬಿತ್ತು. ಬೈಲಪ್ಪನವರು ಬೇಕೆಂದೇ ಕೆಮ್ಮಿದರೋ, ಅಡಿಕೆಯ ಚೂರು ಗಂಟಲಿಗೆ ಸಿಕ್ಕಿತ್ತೋ, ಹೇಳುವುದು ಕಷ್ಟ. ಈ ಮನೆಗೆ ಬಂದಾಗಿನಿಂದ ಆ ಕೆಮ್ಮಿನ ಅರ್ಥ ಬಿಡಿಸುವುದೇ ಅವನಿಗೊಂದು ಉದ್ಯೋಗವಾಗಿತ್ತು. ಹೆಂಡತಿಯ ಜೊತೆ ಕೋಣೆಯಲ್ಲಿ ಸ್ವಲ್ಪ ಗಟ್ಟಿಯಾಗಿ ನಕ್ಕರೆ ಒಂದು ಕೆಮ್ಮು, ಕೂಲಿಯವರಿಗೆ ತಾನೇ ಏನಾದರೂ ಕೆಲಸ ಹೇಳಿದರೆ ಇನ್ನೊಂದು ಕೆಮ್ಮು, ಬೆಳಿಗ್ಗೆ ತಡವಾಗಿ ಎದ್ದರೆ ಮತ್ತೊಂದು. ಬಾಯಿಬಿಟ್ಟು ಬೈದಿದ್ದರೆ ಅವನೂ ಒಂದು ಮಾತು ಆಡಬಹುದಿತ್ತು. ಕೆಮ್ಮಿಗೆ ಏನು ಉತ್ತರ ಕೊಡುವುದು? ಬಾನೆಟ್ಟಿನ ಕೆಳಗೆ ಅರ್ಧ ಮೈ ತೂರಿಸಿಕೊಂಡು, ಕೈಯನ್ನು ಮೊಣಕೈವರೆಗೆ ಇಳಿಬಿಟ್ಟು, ಜಿಡ್ಡಿನಲ್ಲಿ ತಡಕಾಡುತ್ತ ಅವನು ನಟ್ಟು ಹುಡುಕಿದ. ಅಂಗಳದಲ್ಲಿ ಹೊಂಗೆ ಮರದ ಕೆಳಗೆ ನಿಂತಿದ್ದ ಆ ಹಳೆಯ ಕರಿ ಲ್ಯಾಂಡ್‌ಮಾಸ್ಟರ್ ಕಾರಿಗೂ ಜಗಲಿಗೂ ನಡುವೆ ಇದ್ದದ್ದು ಒಂದು ಗಾಡಿ ಹಾಯುವಷ್ಟು ಜಾಗ ಮಾತ್ರ. ಬೆಳಿಗ್ಗೆಯಿಂದ ಮಾವ ಅಲ್ಲಿಂದ ಎದ್ದಿರಲಿಲ್ಲ. ಬೆನ್ನಿನ ಮೇಲೆ ಬಿಸಿಲು ಬಿದ್ದಿದೆಯೋ ಅವರ ಕಣ್ಣು ಬಿದ್ದಿದೆಯೋ ಅವನಿಗೆ ಬೇರೆ ಬೇರೆಯಾಗಿ ಗೊತ್ತಾಗುತ್ತಿರಲಿಲ್ಲ.

"ಏನಯ್ಯಾ, ಆಯ್ತಾ?"

"ಆಗ್ತಾ ಐತೆ ಮಾವ. ಇನ್ನೇನು ಮುಗೀತು."

ಮುಗಿದಿರಲಿಲ್ಲ. ಆದರೆ ಬಹುಮಟ್ಟಿಗೆ ಆಗಿತ್ತು, ಅದೇ ಅವನಿಗೆ ಆಶ್ಚರ್ಯ. ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ಸುಟ್ಟುಹೋಗಿ ಕಾರು ಸತ್ತುಬಿದ್ದಾಗ ದೇವನಹಳ್ಳಿಯ ಮೆಕ್ಯಾನಿಕ್ಕು ಹಬ್ಬಕ್ಕೆ ಊರಿಗೆ ಹೋಗಿದ್ದ. ದೊಡ್ಡಬಳ್ಳಾಪುರಕ್ಕೆ ಹೋಗಿ ಯಾರನ್ನಾದರೂ ಹಿಡಿದು ತರುತ್ತೇನೆಂದು ಡ್ರೈವರ್ ಚಿಕ್ಕಬೀರಪ್ಪ ಪಂಚೆ ಎತ್ತಿಕಟ್ಟಿದ್ದೂ ಆಗಿತ್ತು. ಆಯುಧಪೂಜೆಯ ದಿನ ಬೈಲಪ್ಪನವರ ಕಾರು ಊರೆದುರಿಗೆ ನಿಂಬೆಹಣ್ಣು ಅರೆದು ಹೊರಡದಿದ್ದರೆ ಹೇಗೆ? ಆಗ ಸಂಜೀವಪ್ಪ, ಯಾರೂ ಕೇಳದಿದ್ದರೂ, "ನಾನೇ ಮಾಡ್ತೀನಿ" ಎಂದುಬಿಟ್ಟಿದ್ದ. ಮದುವೆಗೆ ಮುಂಚೆ ಅವನು ಹೊಸಕೋಟೆಯಲ್ಲಿ ಒಂದು ಬಸ್ ಕಂಪನಿಯ ಸ್ಟೋರಿನಲ್ಲಿ ಗುಮಾಸ್ತನಾಗಿದ್ದವನು. ಬಸ್ಸಿನ ಒಂದೊಂದು ಸಾಮಾನಿನ ಹೆಸರೂ ಅವನಿಗೆ ಬಾಯಿಪಾಠ. ಯಾವುದನ್ನೂ ಕೈಯಾರೆ ಕೂಡಿಸಿದವನಲ್ಲ. ಮೆಕ್ಯಾನಿಕ್ಕುಗಳು ಮಾಡುವುದನ್ನು ಕಿಟಕಿಯಿಂದ ನೋಡಿದ್ದ, ಅಷ್ಟೆ. ಆದರೂ ಬೆಂಗಳೂರಿಗೆ ಹೋಗಿ ಗುಜರಿಯಲ್ಲಿ ಇದೇ ತರಹದ ಡೈನಮೋ ಹುಡುಕಿ, ಅದನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ. ಜೊತೆಗೆ ಒಂದು ಹೊಸ ಸ್ಪ್ಯಾನರ್ ಸೆಟ್ಟು. ಸ್ಪ್ಯಾನರ್ ಸೆಟ್ಟು ರಿಪೇರಿಗೆ ಮಾತ್ರ ತಂದದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಥವಾ ಹಾಗೆಂದು ಅವನು ನಂಬಿದ್ದ.

ಹೋದ ವರ್ಷದ ಆಯುಧಪೂಜೆ. ಈ ಮನೆಯಲ್ಲಿ ಕೈಗೆ ಹಿಡಿಯುವ ಸಾಮಾನು ಯಾವುದಿದ್ದರೂ ಅವತ್ತು ನಡುಮನೆಯ ಹಲಗೆಯ ಮೇಲೆ ಬರಬೇಕು. ಕುಡುಗೋಲು, ಮಚ್ಚು, ನೇಗಿಲಿನ ಗುಳ, ರಾಗಿ ಅಳೆಯುವ ಸೇರು, ಮಾವನ ಕೋವಿ, ಕಡೆಗೆ ಹೆಂಗಸರ ಈಳಿಗೆಮಣೆ ಕೂಡ. ಒಂದನ್ನು ಹೊರಗೆ ಬಿಟ್ಟರೂ ಅದು ವರ್ಷವಿಡೀ ಮುನಿಸಿಕೊಂಡು ಕೈ ಕೊಯ್ಯುತ್ತದೆಂದು ನಂಬಿಕೆ. ಕುಂಕುಮ ಇಟ್ಟ ಮೇಲೆ ಮಾರನೆಯ ಬೆಳಿಗ್ಗೆವರೆಗೆ ಯಾರೂ ಯಾವುದನ್ನೂ ಮುಟ್ಟುವ ಹಾಗಿಲ್ಲ. ಅವತ್ತು ಬಾಳೆಎಲೆಯನ್ನೂ ಕೈಯಲ್ಲೇ ಹರಿಯುತ್ತಾರೆ. ಆಳುಗಳು ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಸಾಮಾನು ಇಟ್ಟು ಕೈಮುಗಿದರು. ಚಿಕ್ಕಬೀರಪ್ಪ ಕಾರಿನ ಜಾಕು ತಂದಿಟ್ಟ. ಸಂಜೀವಪ್ಪನ ಹತ್ತಿರ ಏನಿತ್ತು? ಜೇಬಿನಲ್ಲಿದ್ದ ಪೆನ್ನು ತೆಗೆದು ಕೋವಿಯ ಪಕ್ಕದಲ್ಲಿಟ್ಟ. ಮಾವ ಬಗ್ಗಿ ನೋಡಿದರು. ಪೆನ್ನನ್ನು ಎರಡು ಬೆರಳಲ್ಲಿ ಎತ್ತಿ, "ಇದು ಯಾರದು? ಇಲ್ಲಿ ಬಿದ್ದೈತಲ್ಲ" ಎಂದು ಗೋಡೆಯ ಗೂಡಿನಲ್ಲಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತನ್ನದು ಎಂದು ಹೇಳಲು ಅವನು ಬಾಯಿ ತೆರೆದ, ಆಮೇಲೆ ಮುಚ್ಚಿದ. ಆ ಪೆನ್ನನ್ನು ಅವನು ಗೂಡಿನಿಂದ ತೆಗೆದುಕೊಳ್ಳಲೂ ಇಲ್ಲ. ವರ್ಷವೆಲ್ಲ ಅದು ಅಲ್ಲೇ ಇತ್ತು, ಈಗ ಎಲ್ಲಿದೆಯೋ.

ಅವನು ಮನೆ ಅಳಿಯ. ಗಂಡುಮಕ್ಕಳಿಲ್ಲದ ಬೈಲಪ್ಪನವರು ಮಗಳು ಮುನಿಗಂಗಮ್ಮನನ್ನು ಹೊರಗೆ ಕೊಡುವುದಿಲ್ಲವೆಂದು, ಹೊಲಮನೆ ಕಾಯಲು ಒಬ್ಬ ಓದಿದ ಬಡವನನ್ನು ಹುಡುಕಿ ತಂದಿದ್ದರು. ಸಂಬಂಧ ಕೂಡಿದಾಗ ಹೊಸಕೋಟೆ ಕಡೆಯ ಅವನ ಊರಿನಲ್ಲಿ ಎಲ್ಲರೂ ಅದೃಷ್ಟವೆಂದರು. ಅವ್ವ ಪಾಪಮ್ಮ ಮಾತ್ರ, "ಅಲ್ಲಿ ನಿನ್ನ ಹೆಸರಿಡ್ದು ಕರೀತಾರೇನಪ್ಪಾ?" ಎಂದು ಕೇಳಿದ್ದಳು. ಎಂಥ ಪ್ರಶ್ನೆ ಎಂದು ಅವನು ನಕ್ಕಿದ್ದ. ಇಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಆಳುಗಳಿಗೆ ಅವನು ಅಳಿಯಂದ್ರು, ಊರಿಗೆ ಬೈಲಪ್ಪನವರ ಅಳಿಯ, ಮಾವನಿಗೆ ಏನಯ್ಯಾ. ಅಪ್ಪ ಒಮ್ಮೆ ಅವನನ್ನು ನೋಡಲು ಬಂದಿದ್ದ. ನಡೆದುಬಂದ ಧೂಳಿನ ಕಾಲು, ಹೆಗಲ ಮೇಲೆ ಅವರೆಕಾಯಿಯ ಗಂಟು. ಯಾರೋ ಕೂಲಿ ಕೇಳಲು ಬಂದವನೆಂದುಕೊಂಡು ಅವನನ್ನು ಕಣದ ಆಳುಗಳ ಸಾಲಿನಲ್ಲಿ ಕೂರಿಸಿ ಮುದ್ದೆ ಹಾಕಿದ್ದರು. ಸಂಜೀವಪ್ಪ ಕಿಟಕಿಯಿಂದ ನೋಡಿದ. ಹೊರಗೆ ಹೋಗಿ "ಇವರು ನಮ್ಮಪ್ಪ" ಎನ್ನಬೇಕು, ಅಷ್ಟೆ. ಮಾವ ಪಕ್ಕದಲ್ಲೇ ನಿಂತು ಯಾರೊಂದಿಗೋ ಮಾತಾಡುತ್ತಿದ್ದರು. ಅವರು ಆ ಕಡೆ ಹೋಗಲಿ ಎಂದು ಇವನು ಕಾದ. ಕಾಯುವಷ್ಟರಲ್ಲಿ ಅಪ್ಪ ಉಂಡು ಎದ್ದು ಕೈ ತೊಳೆದುಬಿಟ್ಟಿದ್ದ. ಕಿಟಕಿಯಲ್ಲಿ ಮಗನನ್ನು ಅವನು ಕಂಡಿದ್ದನೇ? ಹೊರಡುವಾಗ ಆ ಬಗ್ಗೆ ಏನೂ ಅನ್ನಲಿಲ್ಲ. ಮತ್ತೆ ಬರಲೂ ಇಲ್ಲ.

ನಟ್ಟು ಸಿಕ್ಕಿತು. ಚೌಕಟ್ಟಿನ ಅಂಚಿನಲ್ಲಿ ಕೂತಿತ್ತು. ಅದನ್ನು ಹಿಡಿದೆಳೆಯುವಾಗ ಬೆರಳ ಗೆಣ್ಣಿನ ಚರ್ಮ ಕಿತ್ತು ರಕ್ತ ಬಂತು. ಮೇಲಿನ ಬೋಲ್ಟುಗಳನ್ನು ಆಗಲೇ ಬಿಗಿದಾಗಿತ್ತು. ಇದು ಕೆಳಗಿನದು, ಕೊನೆಯದು. ಡೈನಮೋವನ್ನು ಸನಿಕೆಯ ಹಿಡಿಯಂಥ ಒಂದು ಮರದ ತುಂಡಿನಿಂದ ಹೊರಕ್ಕೆ ಮೀಟಿ, ಬೆಲ್ಟು ಬಿಗಿಯಾಗುವವರೆಗೆ ಹಾಗೆಯೇ ಒತ್ತಿ ಹಿಡಿದು, ಅದೇ ಹೊತ್ತಿನಲ್ಲಿ ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಹಾಕಿ ನಟ್ಟು ತಿರುಗಿಸಬೇಕು. ಬೆಲ್ಟು ಸಡಿಲವಾದರೆ ಡೈನಮೋ ತಿರುಗುವುದಿಲ್ಲ, ರೇಡಿಯೇಟರಿನ ಹಿಂದಿನ ಫ್ಯಾನೂ ನೀರಿನ ಪಂಪೂ ತಿರುಗುವುದಿಲ್ಲ. ಅವನಿಗೆ ಇದೆಲ್ಲ ಗೊತ್ತಿತ್ತು. ಇಬ್ಬರು ಮಾಡುವ ಕೆಲಸ. ಅವನು ಹಿಡಿದು ಒತ್ತಿದಾಗಲೆಲ್ಲ ಸ್ಪ್ಯಾನರ್ ಜಾರುತ್ತಿತ್ತು, ಸ್ಪ್ಯಾನರ್ ಕೂತಾಗ ಮರದ ತುಂಡು ಜಾರುತ್ತಿತ್ತು.

ಬಾವಿಕಟ್ಟೆಯ ಹತ್ತಿರ ನಿಂತಿದ್ದ ಚಿಕ್ಕಬೀರಪ್ಪ ಎರಡು ಹೆಜ್ಜೆ ಮುಂದೆ ಬಂದ.

"ಒಂದು ಕೈ ಹಾಕ್ಲಾ ಅಳಿಯಂದ್ರೇ?"

"ಬ್ಯಾಡ. ಅಲ್ಲೇ ಇರು."

"ಸುಮ್ನೆ ಹಿಡ್ಕೊಂತೀನಿ, ಅಷ್ಟೇಯ. ನಂಗೆ ಮಿಶಿನ್ ವಿಷ್ಯ ಏನೂ ಗೊತ್ತಾಗಾಕಿಲ್ಲ."

"ಬ್ಯಾಡ ಅಂದ್ನಲ್ಲ!"

ಚಿಕ್ಕಬೀರಪ್ಪ ಹಿಂದಕ್ಕೆ ಸರಿದ. ಅವನು ಒಳ್ಳೆಯವನು. ಅದೇ ತಾಳಲಾರದ್ದು. ಸಂಜೀವಪ್ಪನಿಗೆ ಕಾರು ಓಡಿಸಲು ಕಲಿಸಿದವನು ಅವನೇ. ಮಾವ ಊರಲ್ಲಿಲ್ಲದಾಗ ನಲ್ಲೂರಿನ ಹುಣಸೆ ತೋಪಿನವರೆಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ಗೇರು ಕಿರುಗುಟ್ಟಿದಾಗಲೂ ಮುಖ ಸಿಂಡರಿಸದೆ, "ಹಂಗೇ ಕಣಿ, ಕೈಗೆ ಬತ್ತದೆ ಬುಡಿ" ಎನ್ನುತ್ತಿದ್ದ. ಮನೆಯಲ್ಲಿ ಸಂಜೀವಪ್ಪನ ಎದುರು ಎದ್ದು ನಿಲ್ಲುವವನು, ಅವನ ಮಾತು ಮುಗಿಯುವವರೆಗೆ ಕಾಯುವವನು ಇವನೊಬ್ಬನೇ. ಹೀಗಿದ್ದೂ ಸಂಜೀವಪ್ಪನಿಗೆ ಅವನನ್ನು ಕಂಡರೆ ಒಳಗೊಳಗೇ ಉರಿಯುತ್ತಿತ್ತು. ಕಾರಿನ ಬಾಗಿಲು ಹಾಕುವಾಗ ಮಾವ ಚಿಕ್ಕಬೀರಪ್ಪನ ಹೆಗಲ ಮೇಲೆ ಕೈಯೂರುತ್ತಿದ್ದರು. ಯೋಚನೆ ಮಾಡದೆ, ಬಾಗಿಲ ಮೇಲೆ ಕೈಯೂರುವಷ್ಟೇ ಸಲೀಸಾಗಿ. ಆ ಹೆಗಲನ್ನು ಸಂಜೀವಪ್ಪ ಬಹಳ ಸಲ ನೋಡಿದ್ದ. ಈ ಮನೆಯಲ್ಲಿ ಆಳಾಗಿರುವುದು ಅಳಿಯನಾಗಿರುವುದಕ್ಕಿಂತ ಮೇಲು ಎಂದು ಒಂದೆರಡು ಸಲ ಅನ್ನಿಸಿ, ಅನ್ನಿಸಿದ್ದಕ್ಕೇ ನಾಚಿಕೆಯಾಗಿತ್ತು.

ಕೊನೆಗೆ ಅವನು ಡೈನಮೋವನ್ನು ಕೈಯಿಂದಲೇ ಹೊರಕ್ಕೆ ಎಳೆದು, ನಟ್ಟನ್ನು ಬೆರಳಿನಿಂದ ತಿರುಗುವಷ್ಟು ತಿರುಗಿಸಿದ. ನೋಡಲು ಸರಿಯಾಗಿಯೇ ಇತ್ತು. ಇನ್ನು ಸ್ಪ್ಯಾನರ್ ಹಾಕಿ ನಾಲ್ಕು ಸುತ್ತು ಬಿಗಿದರೆ ಮುಗಿಯಿತು ಎಂದು ಉಸಿರು ಬಿಡುವಾಗ ಹಿಂದಿನಿಂದ ಬಳೆಯ ಸದ್ದು. ಮುನಿಗಂಗಮ್ಮ ಹಿತ್ತಾಳೆಯ ತಟ್ಟೆ ಹಿಡಿದು ನಿಂತಿದ್ದಳು. ರೇಷ್ಮೆ ಸೀರೆ, ಅರಿಶಿನದ ಕೆನ್ನೆ. ಅವಳು ಅವನ ಕೈಯ ಜಿಡ್ಡನ್ನು ನೋಡಿ ಸೆರಗು ಎಳೆದುಕೊಂಡಳು.

"ಸ್ಪ್ಯಾನರ್ ಪಾನಗಳೆಲ್ಲ ಕೊಡಿ. ಜೋಯಿಸರು ಹೇಳಿದ್ ಹೊತ್ತಾಯ್ತು, ಅಪ್ಪ ಪೂಜೆಗಿಡ್ಬೇಕಂತೆ."

"ಎಲ್ಲಾನೂವಾ?"

"ಒಂದೂ ಬುಡಂಗಿಲ್ಲ ಅಂತ ನಿಮಗೆ ಗೊತ್ತಿಲ್ವಾ? ನಿಮ್ಮ ಹೊಸ ಪಾನಗಳಿಗೆ ಅಂತ್ಲೇ ಅಪ್ಪ ಕೋವಿ ಮಗ್ಗುಲಲ್ಲಿ ಜಾಗ ಬುಟ್ಟವ್ರೆ."

ಕೋವಿಯ ಮಗ್ಗುಲಲ್ಲಿ! ಒಂದು ಗಳಿಗೆ ತಡಿ, ಒಂದು ನಟ್ಟು ಬಾಕಿ ಇದೆ ಎಂದರೆ ಆಗಿಹೋಗುತ್ತಿತ್ತು. ಅಷ್ಟು ಹೇಳಲು ನಾಲಿಗೆ ಸಿದ್ಧವಾಗಿಯೂ ಇತ್ತು. ಆದರೆ ಜಗಲಿಯ ಮೇಲಿಂದ ಮಾವ ಎದ್ದು ನಿಂತಿದ್ದರು. ಹೊತ್ತು ಮೀರುತ್ತದೆ ಎಂದು ಒಳಗಿನಿಂದ ಯಾರೋ ಕೂಗಿದರು. ಈಗ ಕೆಲಸ ಮುಗಿದಿಲ್ಲವೆಂದರೆ, ಇನ್ನೇನು ಮುಗೀತು ಎಂದು ಬೆಳಿಗ್ಗೆಯಿಂದ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಹೊತ್ತು ಮೀರಿಸಿದ ಅಳಿಯನ ಸಾಮಾನಿಗೆ ಕೋವಿಯ ಮಗ್ಗುಲಲ್ಲಿ ಜಾಗವೆಲ್ಲಿ ಉಳಿಯುತ್ತದೆ? ಮುನಿಗಂಗಮ್ಮ ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದಳು. ಅವನು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ತಟ್ಟೆಯ ಮೇಲಿಟ್ಟ. ಕೊನೆಯದನ್ನು ಇಡುವಾಗ ಕೈ ಸ್ವಲ್ಪ ತಡೆಯಿತು. ಮಾವ ಅದನ್ನು ನೋಡಿದರು. ಏನೂ ಕೇಳಲಿಲ್ಲ, ಕೆಮ್ಮಲೂ ಇಲ್ಲ.

ನಡುಮನೆಯಲ್ಲಿ ಊದುಬತ್ತಿಯ ಹೊಗೆ, ಚೆಂಡುಹೂವಿನ ಒಗರು ವಾಸನೆ. ಹೊಳೆಯುವ ಹೊಸ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಕೋವಿಯ ಪಕ್ಕ ಮಲಗಿದ್ದವು. ಮಾವ ಬಗ್ಗಿ, "ಇವು ನಮ್ಮ ಅಳಿಯಂದು" ಎಂದು ನೆರೆದವರಿಗೆಲ್ಲ ಕೇಳುವ ಹಾಗೆ ಹೇಳಿ, ಒಂದೊಂದಕ್ಕೂ ತಮ್ಮ ಬೆರಳಿನಿಂದಲೇ ಕುಂಕುಮ ಇಟ್ಟರು. ಸಂಜೀವಪ್ಪನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದುಕೊಂಡ. ಅದೇ ಹೊತ್ತಿಗೆ ಮನಸ್ಸು ಹೊರಗೆ ಹೊಂಗೆ ಮರದ ಕೆಳಗೆ, ಆ ಒಂದು ನಟ್ಟಿನ ಸುತ್ತ ಸುತ್ತುತ್ತಿತ್ತು. ಬೆರಳಿನಲ್ಲಿ ಬಿಗಿದದ್ದು ಎಷ್ಟು ಹೊತ್ತು ನಿಂತೀತು? ಸುಮ್ಮನೆ ನಿಂಬೆಹಣ್ಣಿನ ಮೇಲೆ ಹತ್ತಿಸುವುದಕ್ಕೆ ಸಾಕು. ಬ್ಯಾಟರಿಯನ್ನು ದೇವನಹಳ್ಳಿಯಲ್ಲಿ ತುಂಬಿಸಿ ತಂದಿದೆ, ಗಾಡಿ ಸ್ಟಾರ್ಟಾಗುತ್ತದೆ. ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬಿಗಿದರಾಯಿತು. ಈಗ ಒಂದನ್ನು ಎತ್ತಿಕೊಂಡರೆ? ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದೆ. ಕುಂಕುಮ ಇಟ್ಟ ಆಯುಧವನ್ನು ಈ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ, ಎತ್ತಿದವನ ಕೈ ಈ ಮನೆಯ ಕೈಯಲ್ಲ. ಅವನು ಕೈ ಜೋಡಿಸಿಕೊಂಡು ನಿಂತ. ಎಲ್ಲರಂತೆ ಕಣ್ಣು ಮುಚ್ಚಿದ.

ಊರಿನವರು ಅಂಗಳದಲ್ಲಿ ತುಂಬಿದ್ದರು. ಬೂದುಗುಂಬಳ ಒಡೆದು ಕುಂಕುಮದ ನೀರು ಚೆಲ್ಲಿದರು. ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟರು. ಕಾರಿನ ಮುಂದಿನ ಗಾಜಿನ ಮೇಲೆ, ಒಳಗೆ ಸ್ಟೀರಿಂಗಿನ ಹಿಂದಿನ ಹಲಗೆಯ ಮೇಲೆ ಚೆಂಡುಹೂವಿನ ಸರ. ಚಿಕ್ಕಬೀರಪ್ಪ ತಲೆಗೆ ಹೊಸ ವಸ್ತ್ರ ಸುತ್ತಿಕೊಂಡು, ಎಂದಿನಂತೆ ಡ್ರೈವರಿನ ಬಾಗಿಲಿಗೆ ಕೈ ಹಾಕಿದ.

"ಲೇ ಬೀರ," ಎಂದರು ಮಾವ, "ನೀನು ಹಿಂದ್ಗಡೆ ಕೂತ್ಕೊ. ಇವತ್ತು ಅಳಿಯ ಓಡುಸ್ಲಿ. ತೋಪಿನ ಅಮ್ಮನ ಗುಡಿಗಂಟ ಹೋಗಿ ಕಾಯಿ ಒಡ್ಕೊಂಡು ಬರಾನ."

ತೋಪಿನವರೆಗೆ! ಸಂಜೀವಪ್ಪ ನಿಂಬೆಹಣ್ಣಿಗೆ ಮಾತ್ರ ಲೆಕ್ಕ ಹಾಕಿದ್ದ. ಆದರೆ ಚಿಕ್ಕಬೀರಪ್ಪ ಬಾಗಿಲಿನಿಂದ ಕೈ ತೆಗೆದದ್ದು, ಒಂದು ಗಳಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತದ್ದು, ಆಮೇಲೆ ಪೂಜೆಯ ತಟ್ಟೆ ಹಿಡಿದು ಹಿಂದಿನ ಸೀಟಿನಲ್ಲಿ ಮುದುರಿಕೊಂಡದ್ದು, ಇವೆಲ್ಲ ಅವನ ಕಣ್ಣಿಗೆ ಬಿದ್ದವು. ಬಿದ್ದು ಹಿತವಾಯಿತು. ಅದನ್ನು ಅವನು ತನ್ನಿಂದ ತಾನೇ ಮುಚ್ಚಿಡಲಿಲ್ಲ. ಕೀ ತಿರುಗಿಸಿದ. ಎದುರಿಗೆ ಕೆಂಪು ದೀಪ ಹತ್ತಿತು. ಎಂಜಿನ್ ಎದ್ದಿತು, ದೀಪ ಆರಿತು. ಡೈನಮೋ ಕೆಲಸ ಮಾಡುತ್ತಿತ್ತು! ತಾನು, ಕಿಟಕಿಯಿಂದ ನೋಡಿ ಕಲಿತವನು, ಕೂಡಿಸಿದ್ದು. ನಿಂಬೆಹಣ್ಣುಗಳು ಚಕ್ರದ ಕೆಳಗೆ ಚಟ್ಟೆಂದು ಒಡೆದವು. ಊರವರು ಕೂಗಿದರು. ಪಕ್ಕದಲ್ಲಿ ಮಾವ ಮೀಸೆ ತೀಡಿಕೊಂಡರು.

ಊರ ಕೆರೆಯ ಏರಿ ದಾಟುವವರೆಗೆ ಅವನು ಸುಖವಾಗಿದ್ದ. ಗದ್ದೆಯಲ್ಲಿದ್ದವರು ಬೆನ್ನು ನೆಟ್ಟಗೆ ಮಾಡಿ ನೋಡಿದರು, ಒಬ್ಬಿಬ್ಬರು ಕೈಯೆತ್ತಿದರು, ಮಾವ ಕೈಯೆತ್ತಿದರು, ಅವನೂ ಕೈಯೆತ್ತಿದ. ಅವ್ವ ನೋಡಬೇಕಿತ್ತು ಎಂದುಕೊಂಡ. ಅಪ್ಪ ಬೇಡ. ಏರಿ ಇಳಿದ ಮೇಲೆ ರಸ್ತೆ ಕೆಟ್ಟಿತ್ತು. ಒಂದು ಗುಂಡಿಗೆ ಚಕ್ರ ಇಳಿದು ಏಳುತ್ತಲೇ ಬಾನೆಟ್ಟಿನೊಳಗಿನಿಂದ ಕೀರಲು ದನಿಯೊಂದು ಹೊರಟಿತು. ಕೆಂಪು ದೀಪ ಮಿಣುಕಿತು. ಆರಿತು. ಮತ್ತೆ ಹತ್ತಿತು, ಈ ಸಲ ಆರಲಿಲ್ಲ. ಅವನು ಮಾವನ ಕಡೆ ನೋಡದೆ, ಹಲಗೆಯ ಮೇಲಿನ ಹೂವಿನ ಸರವನ್ನು ಸರಿಮಾಡುವವನಂತೆ ಎಳೆದು ದೀಪದ ಮೇಲೆ ಬಿಟ್ಟ.

"ಏನದು ಕೀರಲು?"

"ಹೊಸ್ದಲ್ವಾ ಮಾವ. ಹೊಂದ್ಕೋಬೇಕು."

ಹಿಂದಿನಿಂದ ಚಿಕ್ಕಬೀರಪ್ಪನ ತಗ್ಗಿದ ದನಿ ಬಂತು. "ಅಳಿಯಂದ್ರೇ, ಒಂದ್ಗಳಿಗೆ ನಿಲ್ಸಿ ನೋಡುದ್ರೆ..."

"ಸುಮ್ನೆ ಕೂತ್ಕೋ. ಕಾಯಿ ಉರುಳೀತು, ನೋಡ್ಕೊ" ಎಂದ ಸಂಜೀವಪ್ಪ.

ನಿಲ್ಲಿಸಿದರೆ? ನಿಲ್ಲಿಸಿ ಬಾನೆಟ್ಟು ಎತ್ತಿದರೆ ನಟ್ಟು ಕಾಣುತ್ತದೆ. ಬಿಗಿಯಲು ಸ್ಪ್ಯಾನರ್ ಇಲ್ಲ, ಅದು ಕುಂಕುಮ ಬಳಿದುಕೊಂಡು ನಡುಮನೆಯಲ್ಲಿ ಮಲಗಿದೆ. ಬಿಗಿಯದೆ ಯಾಕೆ ಕೊಟ್ಟೆ ಎಂದು ಮಾವ ಕೇಳುತ್ತಾರೆ. ಈ ಪ್ರಶ್ನೆಗೆ ಅವನಲ್ಲಿ ನಿಜವಾದ ಒಂದು ಉತ್ತರವಿತ್ತು, ಅದನ್ನು ಯಾವ ಮನುಷ್ಯನೂ ಇನ್ನೊಬ್ಬನ ಮುಂದೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಇನ್ನು ಸ್ವಲ್ಪ ದೂರ, ಅಲ್ಲಿ ತೋಪು ಕಾಣುತ್ತಿದೆ. ಅಷ್ಟರಲ್ಲಿ ಕೀರಲು ಹಠಾತ್ತನೆ ನಿಂತಿತು. "ಹೊಂದ್ಕೊಂತು, ನೋಡು" ಎಂದರು ಮಾವ ಸಮಾಧಾನದಿಂದ. ಬೆಲ್ಟು ಕಳಚಿಬಿತ್ತು ಎಂದು ಅವನಿಗೆ ಅರ್ಥವಾಯಿತು. ಇನ್ನು ಫ್ಯಾನು ತಿರುಗುವುದಿಲ್ಲ, ನೀರು ಓಡುವುದಿಲ್ಲ. "ಹೂಂ ಮಾವ" ಎಂದ. ಕಾಲು ಆಕ್ಸಲರೇಟರನ್ನು ಇನ್ನಷ್ಟು ಒತ್ತಿತು. ಬೇಗ ತಲುಪಿದರೆ ಏನೂ ಆಗುವುದಿಲ್ಲವೆಂದು ಕಾಲಿಗೆ ಯಾರು ಹೇಳಿದರೋ. ಮೊದಲು ಬಿಸಿ ಕಬ್ಬಿಣದ ವಾಸನೆ ಬಂತು, ಆಮೇಲೆ ಸುಟ್ಟ ಎಣ್ಣೆಯದು. ಬಾನೆಟ್ಟಿನ ಅಂಚಿನಿಂದ ಬಿಳಿ ಆವಿ ಎದ್ದು ಗಾಜಿಗೆ ಹೊಡೆಯಿತು. ಹಿಂದಿನಿಂದ ಚಿಕ್ಕಬೀರಪ್ಪ, "ನಿಲ್ಸಿ! ನಿಲ್ಸಿ ಬುದ್ಧಿ!" ಎಂದು ಮೊದಲ ಸಲ ದನಿಯೆತ್ತಿ ಕೂಗಿದ. ಅವನು ಕೂಗಿದ ಎನ್ನುವ ಒಂದೇ ಕಾರಣಕ್ಕೆ ಸಂಜೀವಪ್ಪ ನಿಲ್ಲಿಸಲಿಲ್ಲ. ತೋಪಿನ ಮೊದಲ ಮರಗಳ ನೆರಳಿಗೆ ಬರುವಷ್ಟರಲ್ಲಿ ಎಂಜಿನ್ನಿನೊಳಗೆ ಏನೋ ಕಚ್ಚಿಕೊಂಡು, ಕಾರು ಒಮ್ಮೆ ಮುಗ್ಗರಿಸಿ ನಿಂತುಬಿಟ್ಟಿತು.

ಗುಡಿಯ ಮುಂದೆ ಹಬ್ಬಕ್ಕೆ ಬಂದಿದ್ದ ನಲ್ಲೂರಿನವರು ಒಬ್ಬೊಬ್ಬರೇ ಹತ್ತಿರ ಬಂದರು. ಬೈಲಪ್ಪ ಗೌಡರ ಕಾರು ಕಣ್ರೋ ಎಂದರು. ಚಿಕ್ಕಬೀರಪ್ಪ ತಟ್ಟೆಯನ್ನು ನೆಲದ ಮೇಲಿಟ್ಟು, ತಲೆಯ ಹೊಸ ವಸ್ತ್ರ ಬಿಚ್ಚಿ ಕೈಗೆ ಸುತ್ತಿಕೊಂಡು ಬಾನೆಟ್ಟು ಎತ್ತಿದ. ಆವಿ ಚದುರಿದ ಮೇಲೆ ಎಲ್ಲ ಕಂಡಿತು. ಮೇಲಿನ ಬೋಲ್ಟುಗಳಿಗೆ ಜೋತುಬಿದ್ದ ಡೈನಮೋ. ಕೆಳಗಿನ ನಟ್ಟು ಇರಬೇಕಾದಲ್ಲಿ ಖಾಲಿ ತೂತು. ಬೆಲ್ಟು ಎಲ್ಲಿಯೂ ಇರಲಿಲ್ಲ. ಬೈಲಪ್ಪನವರು ಇಳಿದು ಬಂದರು. ಬಗ್ಗಿ ನೋಡಿದರು. ಯಂತ್ರ ಅರಿಯದವನಿಗೂ ಆ ಖಾಲಿ ತೂತು ಅರ್ಥವಾಗುವಂತಿತ್ತು. ಅವರು ನಿಧಾನವಾಗಿ ನೆಟ್ಟಗಾಗಿ, ಅಳಿಯನ ಮುಖವನ್ನು ನೋಡಿದರು.

"ಇದು ಹೆಂಗೆ ಬಿಚ್ಕೊಂತು?"

ಸಂಜೀವಪ್ಪನ ತಲೆಯಲ್ಲಿ ಇದಿಷ್ಟೇ ಉಳಿದಿತ್ತು: ಈಗ ತಾನು ಹೇಳುವ ಮಾತಿನಿಂದ ಸಾಯುವವರೆಗೂ ಈ ಮನೆಯಲ್ಲಿ ತಾನು ಯಾರೆನ್ನುವುದು ಗಟ್ಟಿಯಾಗುತ್ತದೆ. ಕೋವಿಯ ಪಕ್ಕದಿಂದ ತನ್ನ ಸಾಮಾನನ್ನು ಎರಡು ಬೆರಳಲ್ಲಿ ಎತ್ತಿ ಗೂಡಿಗಿಡುವುದು ಕಂಡಿತು. ನಾಳೆ ಆಳುಗಳು ನಗುವುದು ಕೇಳಿಸಿತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಕೊನೇ ನಟ್ಟು ಬಿಗೀ ಮಾಡು ಅಂತ ಬೀರಪ್ಪಂಗೆ ಹೇಳಿದ್ದೆ ಮಾವ."

ಹೇಳಿದ ಮೇಲೆ ಅವನಿಗೇ ನಂಬಲಾಗಲಿಲ್ಲ. ಬೆಳಿಗ್ಗೆಯಿಂದ ಜಗಲಿಯ ಮೇಲೆ ಕೂತು, ಕಣ್ಣು ಮಿಟುಕಿಸದೆ ನೋಡಿದ ಮನುಷ್ಯನಿಗೆ ಈ ಸುಳ್ಳು! ಇನ್ಯಾರಿಗಾದರೂ ಹೇಳಬಹುದಿತ್ತು. ಚಿಕ್ಕಬೀರಪ್ಪ ಬಾನೆಟ್ಟಿನ ಅಂಚು ಹಿಡಿದೇ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸರಿಯಾಗಿ ಕೇಳಿಸದವನಂತೆ ಒಮ್ಮೆ ಅಳಿಯನನ್ನು, ಒಮ್ಮೆ ಗೌಡರನ್ನು ನೋಡಿದ.

"ನಾನಾ? ನಾನು ಬಾವಿಕಟ್ಟೆ ಬುಟ್ಟು ಈಚೀಗೇ ಬಂದಿಲ್ವಲ್ಲ ಬುದ್ಧಿ. ಗೌಡ್ರೇ ನೋಡವ್ರೆ. ಹೇಳಿ ಗೌಡ್ರೇ."

ಸುತ್ತ ನೆರೆದಿದ್ದ ನಲ್ಲೂರಿನವರ ಮೇಲೆ ಬೈಲಪ್ಪನವರ ಕಣ್ಣು ಒಂದು ಸುತ್ತು ಹಾಯ್ದು ಬಂತು. ಆಮೇಲೆ ಅವರು ಮುಂದೆ ಹೋಗಿ ಚಿಕ್ಕಬೀರಪ್ಪನ ಕೆನ್ನೆಗೆ ಹೊಡೆದರು. ಜೋರಾಗಿ ಏನಲ್ಲ. ಜನಕ್ಕೆ ಕಾಣುವಷ್ಟು.

"ಒಂದು ನಟ್ಟು ಬಿಗಿಯಾಕೆ ಬರಾಕಿಲ್ವೇನ್ಲಾ ನಿಂಗೆ? ಇಷ್ಟು ವರ್ಷ ಅನ್ನ ತಿಂದು ಇದೇನಾ ಮಾಡೋದು? ನಾಳೆಯಿಂದ ನಮ್ಮನೆ ಬಾಗ್ಲಿಗೆ ಬರಬ್ಯಾಡ, ಹೋಗು."

ಜನ ತಲೆಯಾಡಿಸಿದರು. ಆಳುಗಳನ್ನು ನಂಬಬಾರದು ಎಂದು ಯಾರೋ ಅಂದರು. ಬೈಲಪ್ಪನವರು ತೆಂಗಿನಕಾಯಿ ತೆಗೆದುಕೊಂಡು ಗುಡಿಯ ಕಡೆ ನಡೆದರು, ಅಳಿಯನನ್ನು ಕಣ್ಣಿನಲ್ಲೇ ಕರೆದರು. ಮರಗಳ ನಡುವೆ ಜನರಿಂದ ಸ್ವಲ್ಪ ದೂರವಾದ ಮೇಲೆ, ತಿರುಗಿ ನೋಡದೆಯೇ, ತಗ್ಗಿದ ದನಿಯಲ್ಲಿ ಹೇಳಿದರು:

"ನಾನು ಜಗಲಿ ಮೇಲೇ ಕೂತಿದ್ದೆ ಕಣಯ್ಯ. ಕುರುಡ ಅಂದ್ಕೊಂಡ್ಯಾ?"

ಸಂಜೀವಪ್ಪನ ಕಾಲು ನಿಂತಿತು. ಮಾವ ನಿಲ್ಲಲಿಲ್ಲ. ಅವರು ಹೇಳುತ್ತಲೇ ಹೋದರು, ಹೊಲದ ಬದುವಿನ ವಿಷಯ ಹೇಳುವಷ್ಟು ನಿರಾಳವಾಗಿ.

"ಅಳಿಯ ಕೆಡುಸ್ದ ಅಂದ್ರೆ ಮನೆ ಮಾನ ಹೋಯ್ತದೆ. ಆಳು ಕೆಡುಸ್ದ ಅಂದ್ರೆ ಆಳು ಹೋಯ್ತಾನೆ, ಅಷ್ಟೇಯ. ಇದು ನಿಂಗೆ ಯಾವತ್ತು ಗೊತ್ತಾಗ್ತದೋ ಅಂತ ನೋಡ್ತಿದ್ದೆ. ಇವತ್ತು ಗೊತ್ತಾಯ್ತು. ಬಾ ಸಂಜೀವಪ್ಪ." ಎಂದು, ಹಿಂದಕ್ಕೆ ಬಂದು, ಅವನ ಹೆಗಲ ಮೇಲೆ ಕೈಯಿಟ್ಟರು.

ಕೈ ಭಾರವಾಗಿತ್ತು, ಬೆಚ್ಚಗಿತ್ತು. ಸಂಜೀವಪ್ಪನಿಗೆ ಈ ಕೈಯನ್ನು ಕೊಡವಿ, ತಿರುಗಿ ಓಡಿ, ಆ ಜನರ ನಡುವೆ ನಿಂತು, ನಾನೇ, ಬಿಗಿಯದೆ ಬಿಟ್ಟವನು ನಾನೇ ಎಂದು ಕೂಗಬೇಕೆನ್ನಿಸಿತು. ಅನ್ನಿಸಿದ್ದು ನಿಜ. ಆದರೆ ಆ ಭಾರಕ್ಕೆ ತನ್ನ ಹೆಗಲು ಆಗಲೇ ಹೊಂದಿಕೊಳ್ಳುತ್ತಿದ್ದುದೂ ಅಷ್ಟೇ ನಿಜ. ಒಂದು ಕಡೆ ಸ್ವಲ್ಪ ತಗ್ಗಿ, ಹಿಡಿಯಲು ಸಲೀಸಾಗುವ ಹಾಗೆ. ಕಾಯಿ ಒಡೆದು, ಮಂಗಳಾರತಿ ತೆಗೆದುಕೊಂಡು ಅವರು ವಾಪಸು ಬಂದಾಗ ಜನ ಕರಗಿದ್ದರು. ಚಿಕ್ಕಬೀರಪ್ಪ ಮಾತ್ರ ಬಾನೆಟ್ಟು ಮುಚ್ಚಿ, ಕಾರನ್ನು ಒರೆಸುತ್ತಿದ್ದ. ಯಾಕೆ ಒರೆಸುತ್ತಿದ್ದನೋ. ಬೈಲಪ್ಪನವರು ಅವನತ್ತ ನೋಡದೆ ಮುಂದೆ ಹೋದರು. ಸಂಜೀವಪ್ಪ ಹಿಂದೆ ಬರುವಾಗ ಅವನು ಅಡ್ಡ ಬಂದು ನಿಂತ. ಕೆನ್ನೆ ಒಂದು ಕಡೆ ಕೆಂಪಾಗಿತ್ತು.

"ಅಳಿಯಂದ್ರೇ, ಗೌಡ್ರು ಸಿಟ್ನಲ್ಲವ್ರೆ. ಸಿಟ್ಟಿಳಿದ್ಮ್ಯಾಕೆ ನೀವಾದ್ರೂ ಒಂದು ಮಾತು ಹೇಳಿ. ನಿಜ ಹೇಳಿ ಅನ್ನಾಕಿಲ್ಲ. ನಂದೇ ತಪ್ಪು ಅಂತ್ಲೇ ಇರ್ಲಿ. ಕೆಲ್ಸ ಒಂದು ಬುಡುಸ್ಬ್ಯಾಡಿ ಅಂತ ಹೇಳಿ, ಸಾಕು. ನೀವು ಹೇಳಿದ್ರೆ ಕೇಳ್ತಾರೆ ಈಗ."

ನೀವು ಹೇಳಿದರೆ ಕೇಳುತ್ತಾರೆ. ಅದು ಅವನಿಗೂ ಗೊತ್ತಿತ್ತು. ಈ ಮನೆಗೆ ಬಂದ ಮೇಲೆ ಮೊದಲ ಸಲ ಅವನ ಒಂದು ಮಾತಿಗೆ ಬೆಲೆಯಿತ್ತು, ಆ ಮಾತನ್ನು ಚಿಕ್ಕಬೀರಪ್ಪ ಕೈಯೊಡ್ಡಿ ಕೇಳುತ್ತಿದ್ದ. ಇವನು ದಿನಾ ಕಣ್ಣೆದುರು ಇದ್ದರೆ, ದಿನಾ ಎದ್ದು ನಿಂತು ಕೈಮುಗಿದರೆ, ತಾನು ಹೇಗೆ ಬದುಕುವುದು? ಮುಂದೆ ಮಾವ ನಿಂತು ಕಾಯುತ್ತಿದ್ದರು.

"ಅಡ್ಡ ನಿಂತ್ಕೋಬ್ಯಾಡ. ಹೋಗು ಅಂದ್ರಲ್ಲ, ಹೋಗ್ಲಾ" ಎಂದ ಸಂಜೀವಪ್ಪ. ತನಗಿಂತ ಹಿರಿಯನಾದ ಅವನನ್ನು ಅವನು ಅದುವರೆಗೆ ಲಾ ಎಂದು ಕರೆದಿರಲಿಲ್ಲ. ಮಾತು ಸಲೀಸಾಗಿ ಬಂತು.

ಚಿಕ್ಕಬೀರಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸಂಜೀವಪ್ಪ ಬೇಗ ಬೇಗ ಹೆಜ್ಜೆ ಹಾಕಿ ಮಾವನನ್ನು ಕೂಡಿಕೊಂಡ. ಇಬ್ಬರೂ ಬಿಸಿಲಿನಲ್ಲಿ ಊರ ಕಡೆ ನಡೆದರು. ಬದುವಿನ ಮೇಲೆ ಎದುರಾದ ಒಬ್ಬ, ಗೌಡರಿಗೆ ಕೈಮುಗಿದು, ಆಮೇಲೆ ಅವನಿಗೂ ಮುಗಿದ. ಬಹಳ ದಿನಗಳ ಮೇಲೆ ಸಂಜೀವಪ್ಪನಿಗೆ ಚೆನ್ನಾಗಿ ಹಸಿವಾಗಿತ್ತು.